ಅಟ್ಟದಲ್ಲಿ ಸಿಕ್ಕ ಹಳೇ ಸ್ಪೀಕರ್: ರಿಪೇರಿ ಮಾಡಿಸಲಾ, ಗುಜರಿಗೆ ಹಾಕಲಾ? (ಆಗ ನೀವೆಲ್ಲ ಹೇಗೆ ಕೊಳ್ಳುತ್ತಿದ್ದಿರಿ?)

ಬಸವನಗುಡಿ_ಬೇಸ್ | ಶನಿವಾರ, ರಾತ್ರಿ 9:40

ಮನೆಗೆ ಬಣ್ಣ ಹೊಡೆಸಬೇಕು ಅಂತ ಅಟ್ಟ ಖಾಲಿ ಮಾಡುತ್ತಿದ್ದೇವೆ. ಹಿತ್ತಾಳೆ ಕೊಳದಪ್ಪಲೆ, ದಸರಾ ಗೊಂಬೆ ಪೆಟ್ಟಿಗೆ, ಇವುಗಳ ಹಿಂದೆ ನನ್ನ ಹಳೇ ಸ್ಪೀಕರ್ ಜೋಡಿ ಸಿಕ್ಕಿತು. ಎಂಟು ಇಂಚಿನ ವೂಫರ್ (ಬೇಸ್ ಹೊರಡಿಸುವ ಭಾಗ), ಅಮೆರಿಕದ ಮಾಲು. 1999ರಲ್ಲಿ ದೊಡ್ಡಪ್ಪನ ಮಗ ಬರುವಾಗ ತಂದುಕೊಟ್ಟಿದ್ದು. ಮುಂದಿನ ಬಟ್ಟೆ ತೆಗೆದು ಬೆರಳಿಟ್ಟೆ. ಕೋನ್ (ಅದುರಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ) ಸುತ್ತ ಇರುವ ಫೋಮ್ ಪುಡಿಪುಡಿಯಾಗಿ ಕೈಗೆ ಅಂಟಿತು, ಮಳೆಗಾಲದ ಬೆಲ್ಲದ ಹಾಗೆ. ಎರಡೂ ಅಷ್ಟೇ.

ಪ್ರಶ್ನೆ ಒಂದು: ಇದನ್ನು ಸರಿ ಮಾಡಬಹುದಾ? ಮಗ "ಅಪ್ಪ, ಬಿಸಾಕು, ಬ್ಲೂಟೂತ್ ತಗೋ" ಅಂತಿದ್ದಾನೆ.

ಇನ್ನೊಂದು ಸುಮ್ನೆ ಕುತೂಹಲ. ಈ ಸ್ಪೀಕರ್ ಕೈಗೆ ಬರುವವರೆಗೂ ನಾನು ಇದರ ಸದ್ದನ್ನು ಒಂದು ಸಲವೂ ಕೇಳಿರಲಿಲ್ಲ. ಗಾಂಧಿಬಜಾರಿನ ಸೈಬರ್ ಕೆಫೆಯಲ್ಲಿ ಗಂಟೆಗೆ 60 ರೂಪಾಯಿ ಕೊಟ್ಟು, ಯಾರೋ ಪರದೇಶದವರು ಬರೆದಿದ್ದನ್ನು ಓದಿ, ಪ್ರಿಂಟ್ ತೆಗೆಸಿ, ಮಾಡೆಲ್ ನಂಬರ್ ಚೀಟಿಯಲ್ಲಿ ಬರೆದು ಅಣ್ಣನಿಗೆ ಕಳಿಸಿದ್ದೆ. ಆರು ತಿಂಗಳ ಉಳಿತಾಯ. ಈಗ ಯೋಚಿಸಿದರೆ ಹುಚ್ಚು ಅನ್ನಿಸುತ್ತದೆ. ನೀವೆಲ್ಲ ಹೇಗೆ ಕೊಂಡಿರಿ?

ಸೋಲ್ಡರ್_ಸೀನ | ಶನಿವಾರ, ರಾತ್ರಿ 9:58

ಗುಜರಿಗೆ ಹಾಕಿದರೆ ನನ್ನ ಶಾಪ ತಟ್ಟತ್ತೆ, ಹೇಳಿಬಿಟ್ಟಿದ್ದೀನಿ.

ಅದು ಫೋಮ್ ಅಷ್ಟೇ. ಪಾಲಿಯುರೆಥೇನ್ ಫೋಮ್ ಗಾಳಿಗೆ, ತೇವಕ್ಕೆ ಹದಿನೈದು ಇಪ್ಪತ್ತು ವರ್ಷದಲ್ಲಿ ಹೀಗೇ ಆಗುತ್ತದೆ. ನೀವು ಬಾರಿಸಿದರೂ ಆಗುತ್ತದೆ, ಅಟ್ಟದಲ್ಲಿಟ್ಟರೂ ಆಗುತ್ತದೆ. ಕಾಯಿಲ್ (ಕೋನ್ ಆಡಿಸುವ ತಂತಿಸುರುಳಿ), ಮ್ಯಾಗ್ನೆಟ್, ಕೋನ್ ಎಲ್ಲ ಚೆನ್ನಾಗೇ ಇರುತ್ತದೆ. ಹೊಸ ಫೋಮ್ ರಿಂಗ್ ತರಿಸಿ ಅಂಟಿಸಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನ ಗಲ್ಲಿಗಳಲ್ಲಿ ಕೋನ್ ಹಾಕುವವರು ಇನ್ನೂ ಇದ್ದಾರೆ. ಆದರೆ ಅವರಿಗೆ ಅಭ್ಯಾಸ ಇರುವುದು ಆರ್ಕೆಸ್ಟ್ರಾ, ಶಾಮಿಯಾನದವರ ಸ್ಪೀಕರ್. ಗಟ್ಟಿ ಬಟ್ಟೆಯ ಅಂಚು ಹಾಕಿಬಿಟ್ಟರೆ ನಿಮ್ಮ ಬೇಸ್ ಹೋಯಿತು. ಫೋಮೇ ಬೇಕು ಅಂತ ಒತ್ತಿ ಹೇಳಿ.

ನೀವೇ ಮಾಡುವುದಾದರೆ: ಹಳೇ ಅಂಟನ್ನು ಸ್ಪಿರಿಟ್‌ನಿಂದ ನಿಧಾನಕ್ಕೆ ಬಿಡಿಸಿ. ಮೊದಲು ಫೋಮನ್ನು ಕೋನಿಗೆ ಅಂಟಿಸಿ, ಒಣಗಲಿ, ಆಮೇಲೆ ಫ್ರೇಮಿಗೆ. ಎರಡನೇ ಹಂತದಲ್ಲಿ ಕಾಯಿಲ್ ನಟ್ಟನಡುವೆ ಇರಬೇಕು, ಇಲ್ಲದಿದ್ದರೆ ಉಜ್ಜುತ್ತದೆ. ಆಂಪ್‌ನಿಂದ (ಆಂಪ್ಲಿಫೈಯರ್) 30 ಹರ್ಟ್ಜ್‌ನ ಆಳದ ಸದ್ದನ್ನು ತೀರಾ ಸಣ್ಣಗೆ ಕೊಡಿ, ಕೋನ್ ಮೇಲೆ ಕೆಳಗೆ ಆಡುವಾಗ ಕರಕರ ಅಂದರೆ ಸ್ವಲ್ಪ ಸರಿಸಿ. ಅವಸರ ಬೇಡ. ಒಂದು ಭಾನುವಾರದ ಕೆಲಸ.

ಮಂಡ್ಯ_ಮಿಡ್‌ರೇಂಜ್ | ಶನಿವಾರ, ರಾತ್ರಿ 10:15

ನೀವೆಲ್ಲ ಓದಿ ಕೊಂಡವರು ಗುರು. ನಾವು ಡಬ್ಬದ ಮೇಲಿನ ನಂಬರ್ ನೋಡಿ ಕೊಂಡವರು.

2000ನೇ ಇಸವಿ. ಹಾಸ್ಟೆಲ್ ಕಂಪ್ಯೂಟರಿಗೆ ಸ್ಪೀಕರ್ ಬೇಕಿತ್ತು. ಒಂದು ಅಂಗಡಿಯಲ್ಲಿ 400 ವ್ಯಾಟ್ ಪಿಎಂಪಿಓ (ಕ್ಷಣಮಾತ್ರದ ಗರಿಷ್ಠ ಪವರ್ ಅಂತ ಡಬ್ಬದ ಮೇಲೆ ಬರೆಯುತ್ತಿದ್ದ ಲೆಕ್ಕ), ಪಕ್ಕದ್ದರಲ್ಲಿ 1000 ವ್ಯಾಟ್ ಪಿಎಂಪಿಓ. ದುಡ್ಡು ಹೆಚ್ಚು ಕಮ್ಮಿ ಒಂದೇ. ಬುದ್ಧಿವಂತ ಯಾವುದನ್ನು ತಗೋತಾನೆ? ನಾನೂ ಅದನ್ನೇ ತಗೊಂಡೆ. ರೂಮಿಗೆ ತಂದು ಹಾಕಿದರೆ ಸೊಳ್ಳೆ ಮೈಕ್ ಹಿಡಿದ ಹಾಗೆ. ನನ್ನ ರೂಮ್‌ಮೇಟ್ ಎಲೆಕ್ಟ್ರಿಕಲ್ ಓದುತ್ತಿದ್ದ. ಅಡಾಪ್ಟರ್ ತಿರುಗಿಸಿ ತೋರಿಸಿದ. 9 ವೋಲ್ಟ್, 500 ಮಿಲಿಆಂಪ್. "ಗುಣಿಸು" ಅಂದ. ನಾಲ್ಕೂವರೆ ವ್ಯಾಟ್! ಒಳಗೆ ಹೋಗುವುದೇ ನಾಲ್ಕೂವರೆ, ಹೊರಗೆ ಸಾವಿರ ಹೇಗೆ ಬರುತ್ತೆ? "ಸಾವಿರ ವ್ಯಾಟ್ ಅಂದರೆ ಇಸ್ತ್ರಿ ಪೆಟ್ಟಿಗೆ ಕಣೋ. ನಿಜವಾಗಿದ್ದರೆ ಇದರ ಮೇಲೆ ದೋಸೆ ಹುಯ್ಯಬಹುದಿತ್ತು" ಅಂತ ಅಂದ. ಆವತ್ತಿಂದ ಅದರ ಹೆಸರೇ ದೋಸೆಕಲ್ಲು.

ಸರಿಯಾದ_ಲೆಕ್ಕ | ಶನಿವಾರ, ರಾತ್ರಿ 10:31

ಪಿಎಂಪಿಓಗೆ ಯಾವ ಅಳತೆಯ ನಿಯಮವೂ ಇರಲಿಲ್ಲ, ಹಾಗಾಗಿ ಯಾರು ಏನು ಬೇಕಾದರೂ ಬರೆಯಬಹುದಿತ್ತು. ಅದು ಸರಿ. ಆದರೆ ನಾವು "ಆರ್‌ಎಂಎಸ್ ವ್ಯಾಟ್" ಅಂತ, ಅಂದರೆ ಸತತವಾಗಿ ಕೊಡುವ ನಿಜವಾದ ವ್ಯಾಟ್ ಅಂತ, ಎದೆ ತಟ್ಟಿ ಹೇಳುವುದೂ ಅಷ್ಟು ಸರಿಯಲ್ಲ. ಆರ್‌ಎಂಎಸ್ ಅನ್ನುವುದು ವೋಲ್ಟೇಜಿಗೆ, ಕರೆಂಟಿಗೆ. ಅದರಿಂದ ಲೆಕ್ಕ ಹಾಕಿದರೆ ಬರುವುದು ಸರಾಸರಿ ಪವರ್.

ಮಂಡ್ಯ_ಮಿಡ್‌ರೇಂಜ್ | ಶನಿವಾರ, ರಾತ್ರಿ 10:33

ಬಂದ್ರಪ್ಪಾ ಮೇಷ್ಟ್ರು.

ಸರಿಯಾದ_ಲೆಕ್ಕ | ಶನಿವಾರ, ರಾತ್ರಿ 10:44

ಬಂದೆ, ಇನ್ನೂ ಇದೆ. ವ್ಯಾಟ್ ದುಪ್ಪಟ್ಟು ಮಾಡಿದರೆ ಸದ್ದು ಬರೀ 3 ಡೆಸಿಬೆಲ್ ಹೆಚ್ಚುತ್ತದೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 20 ವ್ಯಾಟ್ ಆಂಪ್ ಬಿಟ್ಟು 40 ವ್ಯಾಟ್ ಕೊಂಡವರು ವಾಲ್ಯೂಮ್ ನಾಬ್ ಅಷ್ಟೇ ಬದಲಾಯಿಸಿಕೊಂಡರು. ಎನ್‌ಎಡಿ 3020 ಅನ್ನುವ ಆಂಪ್ ಬಂದಿದ್ದು 1978ರಲ್ಲಿ, ಬರೀ 20 ವ್ಯಾಟ್. ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ಹಳೇದನ್ನು ಕೊಳ್ಳುತ್ತಾರೆ. ಹತ್ತಕ್ಕೆ ಹನ್ನೆರಡರ ರೂಮಿನಲ್ಲಿ ನಾವು ಕೇಳುವ ಮಟ್ಟಕ್ಕೆ ಹೆಚ್ಚಿನ ಹೊತ್ತು ಒಂದು ವ್ಯಾಟೂ ಖರ್ಚಾಗಲ್ಲ.

ಕಡಲತಡಿ_ಕೇಳುಗ | ಭಾನುವಾರ, ಬೆಳಿಗ್ಗೆ 7:20

ನಮ್ಮ ಮಂಗಳೂರು ಕಡೆ ಈ ತಲೆಬಿಸಿಯೇ ಇರಲಿಲ್ಲ ಮಾರಾಯ್ರೇ. ಯಾವ ಬ್ರ್ಯಾಂಡ್ ಒಳ್ಳೆಯದು ಅಂತ ಯಾರೂ ಕೇಳುತ್ತಿರಲಿಲ್ಲ. ನಿಮ್ಮ ಮನೆಯವರು ಯಾರು ಗಲ್ಫ್‌ನಲ್ಲಿದ್ದಾರೆ ಅಂತ ಕೇಳುತ್ತಿದ್ದರು. ಮಾವ ದುಬೈಯಲ್ಲಿದ್ದರೆ ಪ್ಯಾನಸೋನಿಕ್, ಬಾವ ಮಸ್ಕತ್‌ನಲ್ಲಿದ್ದರೆ ಶಾರ್ಪ್. ಅವರು ಏನು ತಂದರೋ ಅದೇ ನಿಮ್ಮ ಇಷ್ಟದ ಸೌಂಡ್. ಭಟ್ಕಳದ ಅಂಗಡಿಗಳಲ್ಲೂ ಫಾರಿನ್ ಮಾಲು ಸಿಗುತ್ತಿತ್ತು, ನಾವು ಕಾಲೇಜಿಗೆ ಚಕ್ಕರ್ ಹಾಕಿ ಬಸ್ಸಿನಲ್ಲಿ ಹೋಗಿ ವಾಕ್‌ಮನ್ ತಂದಿದ್ದುಂಟು.

ಮತ್ತೆ ಗಲ್ಫ್ ಸಾಮಾನಿನ ಒಂದು ದೊಡ್ಡ ಸುಖ: ಸೀದಾ ಪ್ಲಗ್ ಹಾಕಿದರೆ ಓಡುತ್ತದೆ. ಅಮೆರಿಕದ್ದರ ಹಾಗೆ 110 ವೋಲ್ಟಿನ ರಗಳೆ ಇಲ್ಲ.

ಮರಳುಗಾಡಿನ_ಮೈಕ್ | ಭಾನುವಾರ, ಬೆಳಿಗ್ಗೆ 8:05

ದುಬೈಗೆ ಸರಿ. ಸೌದಿಗೆ ಅಲ್ಲ ಸರ್. ಇಲ್ಲಿ 60 ಹರ್ಟ್ಜ್, ಆ ಕಾಲಕ್ಕೆ ಎಷ್ಟೋ ಮನೆಗಳಲ್ಲಿ 127 ವೋಲ್ಟ್. ನಮ್ಮ ಅಪ್ಪ ದಮ್ಮಾಮ್‌ನಿಂದ ತಂದ ಟೇಪ್ ಡೆಕ್ಕನ್ನು ಊರಲ್ಲಿ ಸೀದಾ ಪ್ಲಗ್‌ಗೆ ಹಾಕಿದೆವು. ಒಂದು ನಿಮಿಷ ಸೂಪರ್ ಆಗಿ ಹಾಡಿತು. ಆಮೇಲೆ ಹೊಗೆ. ಹಿಂದೆ ವೋಲ್ಟೇಜ್ ಸ್ವಿಚ್ ಇತ್ತು. ಯಾರು ನೋಡುತ್ತಾರೆ?

ಶ್ರುತಿಪೆಟ್ಟಿಗೆ | ಭಾನುವಾರ, ಬೆಳಿಗ್ಗೆ 10:12

ವೋಲ್ಟೇಜ್ ಮಾತ್ರ ಅಲ್ಲ, ಹರ್ಟ್ಜ್ ಕೂಡ ಹೇಗೆ ಕಾಡುತ್ತದೆ ಅಂತ ಹೇಳುತ್ತೇನೆ ಕೇಳಿ.

ನನ್ನ ಸೋದರಮಾವ 1997ರಲ್ಲಿ ಷಿಕಾಗೋದಿಂದ ಒಂದು ಹಳೇ ರೆಕಾರ್ಡ್ ಪ್ಲೇಯರ್ ತಂದರು. ಅಲ್ಲಿ ಎಲ್ಲರೂ ಸಿಡಿಗೆ ಹೋಗಿ, ಗ್ಯಾರೇಜಿನ ಮುಂದೆ ಇಟ್ಟು ಅಗ್ಗಕ್ಕೆ ಮಾರುತ್ತಿದ್ದರಂತೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಶುರು ಮಾಡಿದೆವು. ಅಮ್ಮನ ಹತ್ತಿರ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಇತ್ತು. ಹಾಕಿದರೆ ಯಾರೋ ಬೇರೆಯವರು, ನಿದ್ದೆಗಣ್ಣಲ್ಲಿ ಹಾಡುತ್ತಿದ್ದಾರೆ. ಮನೆಯಲ್ಲಿ ಎಲ್ಲರೂ "ಅಮೆರಿಕದ ಮೆಷಿನ್, ಹೀಗೇ ಗಂಭೀರವಾಗಿ ಬರುತ್ತದೆ" ಅಂದರು. ನಾನು ಹಾರ್ಮೋನಿಯಂ ತಂದು ಶ್ರುತಿ ಹಿಡಿದೆ. ಸರಿಯಾಗಿ ಒಂದೂವರೆ ಮನೆ ಕೆಳಗಿತ್ತು!

ಆ ಪ್ಲೇಯರಿನ ಮೋಟರ್ ಕರೆಂಟಿನ ಹರ್ಟ್ಜ್ ನೋಡಿಕೊಂಡು ತಿರುಗುವಂಥದ್ದು. ಅಲ್ಲಿ 60, ಇಲ್ಲಿ 50. ಹಾಗಾಗಿ ನಿಮಿಷಕ್ಕೆ 33 ಸುತ್ತು ಸುತ್ತಬೇಕಾದ್ದು 28ರ ಹತ್ತಿರ ಸುತ್ತುತ್ತಿತ್ತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಮುಟ್ಟುವುದಿಲ್ಲ. ಮಾವ ಕಡೆಗೆ ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಮೋಟರಿನ ಪುಲ್ಲಿಯನ್ನು ಐದಕ್ಕೆ ಆರರ ಲೆಕ್ಕದಲ್ಲಿ ದಪ್ಪ ಮಾಡಿ ಹಿತ್ತಾಳೆಯಲ್ಲಿ ಕಡೆಸಿದರು. ಲೇತ್‌ನವನು 50 ರೂಪಾಯಿ ತಗೊಂಡು "ಇದು ಯಾವ ಗಾಡಿಯ ಪಾರ್ಟು ಸಾರ್?" ಅಂತ ಕೇಳಿದನಂತೆ. ಅವತ್ತು ಸಂಜೆ ಮನ್ಸೂರರು ಎದ್ದು ಕೂತು ಹಾಡಿದರು.

ಇಯರ್‌ಬಡ್_ಹುಡುಗಿ | ಭಾನುವಾರ, ಬೆಳಿಗ್ಗೆ 11:02

ನನಗೆ 23. ಒಂದು ಡೌಟು. ಇಷ್ಟೆಲ್ಲ ಕಷ್ಟ ಯಾಕೆ? ಅಂಗಡಿಗೆ ಹೋಗಿ ಕೇಳಿ ಕೊಳ್ಳಬಹುದಿತ್ತಲ್ವಾ?

ಬಸವನಗುಡಿ_ಬೇಸ್ | ಭಾನುವಾರ, ಬೆಳಿಗ್ಗೆ 11:10

ಅಯ್ಯೋ ಮಗಳೇ.

ಧಾರವಾಡ_ಡಾಲ್ಬಿ | ಭಾನುವಾರ, ಬೆಳಿಗ್ಗೆ 11:48

ತಂಗಿ, ಆಗಿನ ಅಂಗಡಿ ಹೆಂಗಿದ್ದವು ಅಂತ ನಾನು ಹೇಳತೀನಿ. ಗೋಡೆ ತುಂಬ ಮ್ಯೂಸಿಕ್ ಸಿಸ್ಟಮ್. ಎಲ್ಲದರ ಮೇಲೂ ಬಣ್ಣಬಣ್ಣದ ಲೈಟು ಕುಣಿಯುತ್ತಿದ್ದವು. ಅಂಗಡಿಯವ ಒಂದೇ ಒಂದು ಕ್ಯಾಸೆಟ್ ಇಟ್ಟುಕೊಂಡಿರುತ್ತಿದ್ದ, ಧಡ್ ಧಡ್ ಅನ್ನುವ ಹಿಂದಿ ರೀಮಿಕ್ಸ್. ಬೇಸ್ ಪೂರಾ ಏರಿಸಿ, ಟ್ರೆಬಲ್ ಪೂರಾ ಏರಿಸಿ ಹಚ್ಚುತ್ತಿದ್ದ. ನಾನು ಒಮ್ಮೆ ನನ್ನ ಕುಮಾರ ಗಂಧರ್ವರ ಕ್ಯಾಸೆಟ್ ಒಯ್ದಿದ್ದೆ. "ಇದರಾಗ ಸೌಂಡೇ ಗೊತ್ತಾಗಂಗಿಲ್ಲರೀ" ಅಂತ ತೆಗೆದು ಕೈಯಾಗ ಕೊಟ್ಟ. ದೀಪಾವಳಿ ಮುಂದ ಎಕ್ಸ್‌ಚೇಂಜ್ ಮೇಳ, ಹಳೇ ರೇಡಿಯೋ ಕೊಟ್ಟರೆ ಇಷ್ಟು ಕಡಿಮೆ, ಕಂತಿನ ಮೇಲೆ ತಗೊಂಡರೆ ಒಂದು ಇಸ್ತ್ರಿ ಪೆಟ್ಟಿಗೆ ಫ್ರೀ. ಕಿವಿಯಿಂದ ಕೇಳಿ ಕೊಳ್ಳುವ ವ್ಯವಹಾರ ಅಲ್ಲವೇ ಅಲ್ಲ ಅದು.

ಒಳ್ಳೆಯ ಹೈ-ಫೈ ಅಂಗಡಿ ಇದ್ದವು, ಬೆಂಗಳೂರು ಮುಂಬಯಿಯಲ್ಲಿ. ಆದರೆ ಚಪ್ಪಲಿ ನೋಡಿ ಬಾಗಿಲು ತೆಗೆಯುತ್ತಿದ್ದರು.

ಮಂಡ್ಯ_ಮಿಡ್‌ರೇಂಜ್ | ಭಾನುವಾರ, ಮಧ್ಯಾಹ್ನ 12:06

ಮತ್ತೆ ಇಸ್ತ್ರಿ ಪೆಟ್ಟಿಗೆ! ಅದರದ್ದಾದರೂ ಸಾವಿರ ವ್ಯಾಟ್ ನಿಜ.

ಎನ್‌ಜೆ_ನಂಜುಂಡ | ಭಾನುವಾರ, ಸಂಜೆ 6:30

ನ್ಯೂಜೆರ್ಸಿಯಿಂದ ನಮಸ್ಕಾರ. ಸೂಟ್‌ಕೇಸ್ ಹೊತ್ತವರ ಪರವಾಗಿ ಎರಡು ಮಾತು.

ನಾನು ಇಲ್ಲಿಗೆ ಬಂದಿದ್ದು 1998ರಲ್ಲಿ, ವೈ2ಕೆ (2000ನೇ ಇಸವಿಯ ಕಂಪ್ಯೂಟರ್ ದೋಷ ಸರಿ ಮಾಡುವ) ಕೆಲಸಕ್ಕೆ. ಆಗ ಇಂಡಿಯಾಗೆ ಹೋಗುವವರಿಗೆ ಎರಡು ಬ್ಯಾಗ್, ಒಂದೊಂದು 32 ಕೆಜಿ. ಒಟ್ಟು 64 ಕೆಜಿಗೆ ಎಷ್ಟು ಜನ ಪಾಲುದಾರರು ಗೊತ್ತಾ? ಹೆಂಡತಿ ಕಡೆಯವರಿಗೆ ಪಾತ್ರೆ, ಮಕ್ಕಳಿಗೆ ಆಟದ ಸಾಮಾನು, ಎಲ್ಲರಿಗೂ ಚಾಕಲೇಟು, ಬಾದಾಮಿ, ಸೆಂಟು. ಅದರ ಮಧ್ಯೆ ತಮ್ಮನದೊಂದು ಇಮೇಲ್ ಬರುತ್ತದೆ, "ಅಣ್ಣ, ಬರುವಾಗ ಒಂದು ಚಿಕ್ಕ ಆಂಪ್ಲಿಫೈಯರ್". ಅದರಲ್ಲಿರುವ ಕಬ್ಬಿಣದ ಟ್ರಾನ್ಸ್‌ಫಾರ್ಮರೇ ನಾಲ್ಕು ಕೆಜಿ! ನಾನು ಸ್ಪೀಕರ್ ಬಿಚ್ಚಿ ವೂಫರ್ ಬೇರೆ, ಡಬ್ಬ ಬೇರೆ ಮಾಡಿ, ಡಬ್ಬದ ಒಳಗೆ ಟವೆಲ್, ಅಂಗಿ ತುಂಬಿ ತಂದಿದ್ದೇನೆ. ಒಂದು ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ತೆಗೆಸಿ, "ಇದೇನು, ಡಬ್ಬದೊಳಗೆ ಬನಿಯನ್ನು?" ಅಂದರು.

ಇಲ್ಲಿ ಕೊಳ್ಳುವುದೂ ಒಂದು ಸಾಹಸ. ಆಫೀಸಿನಲ್ಲಿ ಊಟದ ಹೊತ್ತಿಗೆ ಯೂಸ್‌ನೆಟ್ (ಆಗಿನ ಇಂಟರ್ನೆಟ್ ಚರ್ಚಾಕೂಟ) ಆಡಿಯೋ ಗುಂಪುಗಳನ್ನು ಓದುವುದು. ಅಲ್ಲಿ ಅರ್ಧ ಜನ ಸಾವಿರ ಡಾಲರ್ ಕೇಬಲ್ ಹಾಕಿದರೆ ಪರದೆ ಸರಿದ ಹಾಗೆ ಆಗುತ್ತದೆ ಅಂತ, ಇನ್ನರ್ಧ ಜನ ಕಣ್ಣು ಕಟ್ಟಿ ಪರೀಕ್ಷೆ ಮಾಡು ನೋಡೋಣ ಅಂತ. ವರ್ಷಗಟ್ಟಲೆ ಅದೇ ಜಗಳ. ಅದನ್ನು ಓದಿ ನಾನು ಮನೆ ಲ್ಯಾಂಪಿನ ವೈರನ್ನೇ ಸ್ಪೀಕರಿಗೆ ಹಾಕಿದೆ, ಇವತ್ತಿಗೂ ಅದೇ ಇದೆ. ಹಳೇ ಮಾಲಿಗೆ ಈಬೇ. ಪೇಪಾಲ್ ಎಲ್ಲರ ಹತ್ತಿರ ಇರಲಿಲ್ಲ. ಪೋಸ್ಟ್ ಆಫೀಸಿಗೆ ಹೋಗಿ ಮನಿ ಆರ್ಡರ್ ತೆಗೆದು, ಓಹಾಯೋದಲ್ಲಿರುವ ಗುರುತಿಲ್ಲದ ಮನುಷ್ಯನಿಗೆ ಅಂಚೆಯಲ್ಲಿ ಕಳಿಸಿ, ಮೂರು ವಾರ ಕಾಯುವುದು. ನಂಬಿಕೆಗೆ ಅವನ ಹೆಸರಿನ ಮುಂದೆ ಇರುವ ಒಂದು ಅಂಕಿ ಮಾತ್ರ. ನನಗೆ ಒಮ್ಮೆಯೂ ಮೋಸ ಆಗಲಿಲ್ಲ.

ಆಗಲೇ ಸೀದಾ ನೆಟ್‌ನಲ್ಲಿ ಮಾರುವ ಕಂಪನಿಗಳು ಹುಟ್ಟಿಕೊಂಡವು. ಎಸ್‌ವಿಎಸ್‌ನವರ ಮೊದಲ ಸಬ್‌ವೂಫರ್‌ಗಳು (ಬರೀ ಬೇಸ್ ಬಾರಿಸುವ ಸ್ಪೀಕರ್) ಉದ್ದ ಕೊಳವೆಯ ಥರ ಇದ್ದವು, ಥೇಟ್ ಬಚ್ಚಲಮನೆ ಹಂಡೆ. ನನ್ನ ಹೆಂಡತಿ ನೋಡಿ "ನೀರು ಎಲ್ಲಿ ಬರುತ್ತೆ?" ಅಂದಳು.

ಬಸವನಗುಡಿ_ಬೇಸ್ | ಭಾನುವಾರ, ಸಂಜೆ 6:52

ನಂಜುಂಡಣ್ಣ, ನಿಮ್ಮಂಥವರಿಗೆ ಒಂದು ಗುಡಿ ಕಟ್ಟಿಸಬೇಕು. ಆದರೆ ನಿಜ ಹೇಳಿ, ತಮ್ಮನಿಗೆ ಕೊಂಡ ಸ್ಪೀಕರನ್ನು ನೀವು ಅಲ್ಲಿ ಒಂದು ತಿಂಗಳು ಬಾರಿಸಿ ಆಮೇಲೆ ತಂದಿರಿ, ಹೌದೋ ಅಲ್ವೋ?

ಎನ್‌ಜೆ_ನಂಜುಂಡ | ಭಾನುವಾರ, ಸಂಜೆ 6:55

ಎರಡು ತಿಂಗಳು. ಹದ ಮಾಡಬೇಕಲ್ಲಪ್ಪ.

ಸರಿಯಾದ_ಲೆಕ್ಕ | ಭಾನುವಾರ, ಸಂಜೆ 7:01

ಸ್ಪೀಕರ್ ಹದವಾಗುವುದು ಅನ್ನುವುದಕ್ಕೆ...

ಮಂಡ್ಯ_ಮಿಡ್‌ರೇಂಜ್ | ಭಾನುವಾರ, ಸಂಜೆ 7:02

ಬೇಡ ಸಾರ್. ಭಾನುವಾರ.

ಸೋಲ್ಡರ್_ಸೀನ | ಭಾನುವಾರ, ರಾತ್ರಿ 8:40

ಅಣ್ಣ ತಮ್ಮ ಯಾರೂ ವಿದೇಶದಲ್ಲಿಲ್ಲದವರ ಕತೆ ಕೇಳಿ. ನಾವು ಕಟ್ಟಿಕೊಂಡವರು.

2001ರಲ್ಲಿ ಸೈಬರ್ ಕೆಫೆಯಲ್ಲಿ ಎಲ್‌ಎಂ1875 ಅನ್ನುವ ಆಂಪ್ ಚಿಪ್ಪಿನ ಡೇಟಾಶೀಟ್ (ಕಂಪನಿಯ ವಿವರ ಪುಟಗಳು) ಇಳಿಸಿ ಫ್ಲಾಪಿಗೆ ಹಾಕಿದೆ. ಮನೆಗೆ ಬಂದರೆ ಫ್ಲಾಪಿ ಓದಲಿಲ್ಲ. ಮತ್ತೆ ಹೋಗಿ ಬೇಕಾದ ಎರಡೇ ಪುಟ ಪ್ರಿಂಟ್, ಪುಟಕ್ಕೆ ಐದು ರೂಪಾಯಿ. ಕಂಪನಿಯವರೇ ಸರ್ಕ್ಯೂಟ್ ಕೊಟ್ಟಿರುತ್ತಾರೆ, ಹಾಗೇ ಕಟ್ಟಿದರೆ ಚಾನೆಲ್ಲಿಗೆ 20 ವ್ಯಾಟ್, ನಿಜವಾದ 20. ಎಸ್‌ಪಿ ರೋಡಿನಲ್ಲಿ 18-0-18 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹೇಳಿ ಸುತ್ತಿಸಿದೆ. ಕೆಪಾಸಿಟರ್, ಹೀಟ್ ಸಿಂಕ್ ತೂಕಕ್ಕೆ, ಕಪಾಟಿನ ಹಾಗಿರುವ ತಗಡಿನ ಡಬ್ಬ. ಒಂದೇ ಎಚ್ಚರ, ಡೂಪ್ಲಿಕೇಟ್ ಚಿಪ್. ಹಳೇದರ ಮೇಲಿನ ಬರಹ ಉಜ್ಜಿ ಹೊಸ ನಂಬರ್ ಹೊಡೆದು ಮಾರುತ್ತಿದ್ದರು. ಹತ್ತಿಯಲ್ಲಿ ಥಿನ್ನರ್ ಹಾಕಿ ಒರೆಸಿದರೆ ಬಣ್ಣ ಬಿಡುತ್ತಿತ್ತು. ಅಂಗಡಿಯವನ ಎದುರಿಗೇ ಒರೆಸಿದ್ದಕ್ಕೆ ನನ್ನನ್ನು ಒಂದು ಕಡೆ ಒಳಗೇ ಬಿಡುತ್ತಿರಲಿಲ್ಲ.

ಇನ್ನೊಂದು ಗುಟ್ಟು. ಅಮೆರಿಕದ ಚಿಪ್ ಕಂಪನಿಗಳು ಆಗ ಕೇಳಿದವರಿಗೆಲ್ಲ ಉಚಿತ ಸ್ಯಾಂಪಲ್ ಕಳಿಸುತ್ತಿದ್ದವು. ಕಾಲೇಜಿನ ವಿಳಾಸ ಕೊಟ್ಟು ಫಾರಂ ತುಂಬಿದರೆ ಸಾಕು. ಒಪಿಎ2134 ಅನ್ನುವ ಆಪ್‌-ಆಂಪ್ (ಸಿಗ್ನಲ್ ಹಿಗ್ಗಿಸುವ ಸಣ್ಣ ಚಿಪ್) ನಮ್ಮ ಕಾಲೇಜಿಗೆ ಎಷ್ಟು ಬಂತು ಅಂದರೆ, ಕಡೆಗೆ ಎಚ್‌ಓಡಿ ಕರೆದು "ಏನ್ರಪ್ಪಾ, ಎಲ್ಲರದ್ದೂ ಒಂದೇ ಪ್ರಾಜೆಕ್ಟಾ?" ಅಂದರು. ಎಲ್ಲರದ್ದೂ ಒಂದೇ. ಹೆಡ್‌ಫೋನ್ ಆಂಪ್. ಅಲ್ಲಿಯವರು ಪೆಪ್ಪರಮಿಂಟ್ ಡಬ್ಬಿಯಲ್ಲಿ ಕಟ್ಟುತ್ತಿದ್ದರು, ಸಿಮಾಯ್ ಅಂತ ಅದರ ಹೆಸರು, 9 ವೋಲ್ಟಿನ ಬ್ಯಾಟರಿಯಲ್ಲಿ ಓಡುವುದು. ನಾನು ನಮ್ಮಜ್ಜನ ನಶ್ಯದ ಡಬ್ಬಿಯಲ್ಲಿ ಕಟ್ಟಿದೆ. ಹಾಡು ಕೇಳುವಾಗ ಸೀನು ಬರುತ್ತಿತ್ತು. ಈ ಹೆಸರು ಆಗ ಅಂಟಿಕೊಂಡಿದ್ದು.

ಇಯರ್‌ಬಡ್_ಹುಡುಗಿ | ಭಾನುವಾರ, ರಾತ್ರಿ 8:51

ಶ್ರೀನಿವಾಸ ಅಂತ ಅಂದುಕೊಂಡಿದ್ದೆ 😂

ಶ್ರುತಿಪೆಟ್ಟಿಗೆ | ಭಾನುವಾರ, ರಾತ್ರಿ 9:15

ಆ ಹೆಡ್‌ಫೋನ್ ಆಂಪ್‌ನಲ್ಲಿ ನೀವೆಲ್ಲ ಕೇಳುತ್ತಿದ್ದಿದ್ದು ಏನು ಅಂತ ಯಾರೂ ಹೇಳುತ್ತಿಲ್ಲ. 128 ಕೆಬಿಪಿಎಸ್ ಎಂಪಿ3, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ಗೆ ಹಿಂಡಿದ ಹಾಡು! ಫುಟ್‌ಪಾತಿನಲ್ಲಿ ಒಂದು ಸಿಡಿಗೆ 150 ಹಾಡು, ಡಾ. ರಾಜ್ ಹಿಟ್ಸ್. ನನ್ನ ಶಿಷ್ಯನೊಬ್ಬ ಅಂಥದ್ದರಲ್ಲಿ ಶಾಸ್ತ್ರೀಯ ಸಂಗೀತ ತಂದುಕೊಟ್ಟ. ತಂಬೂರಿ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಜೀವಾಳ ಇಲ್ಲದ ತಂಬೂರಿ. ನಾನು ಮತ್ತೆ ಕ್ಯಾಸೆಟ್ಟಿಗೇ ಹೋದೆ.

ಬಸವನಗುಡಿ_ಬೇಸ್ | ಭಾನುವಾರ, ರಾತ್ರಿ 9:27

ಮೇಡಂ, ಡಯಲ್-ಅಪ್‌ನಲ್ಲಿ ಆ 4 ಎಂಬಿ ಇಳಿಸೋಕೆ ಲೈನ್ ಚೆನ್ನಾಗಿದ್ದರೆ ಕಾಲು ಗಂಟೆ. ಮಧ್ಯದಲ್ಲಿ ಯಾರಾದರೂ ಫೋನ್ ಎತ್ತಿದರೆ ಮುಗಿಯಿತು. 192 ಇಳಿಸುವಷ್ಟು ಪುಣ್ಯ ನಮಗಿರಲಿಲ್ಲ. 1999ರಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದು 2001ರಲ್ಲಿ ಬಾಗಿಲು ಹಾಕುವುದರೊಳಗೆ ನಾನು ಪೂರ್ತಿಯಾಗಿ ಇಳಿಸಿದ್ದು ಹದಿನೇಳು ಹಾಡು. ಟೆಲಿಫೋನ್ ಬಿಲ್ ನೋಡಿ ಅಪ್ಪ ಮೋಡೆಮ್ ವೈರನ್ನೇ ಬೀರುವಿನಲ್ಲಿ ಬೀಗ ಹಾಕಿ ಇಟ್ಟರು.

ಧಾರವಾಡ_ಡಾಲ್ಬಿ | ಭಾನುವಾರ, ರಾತ್ರಿ 10:05

ಮೇಡಂ ಅವರೇ, ಕ್ಯಾಸೆಟ್ ಅಂದಿರಿ, ನನ್ನ ಹೃದಯ ತುಂಬಿತು.

ಕ್ಯಾಸೆಟ್ಟಿನ ಸೌಂಡು ಮಬ್ಬು ಅಂತ ಬೈಯುವವರು ಅರ್ಧ ಜನ ಟೇಪ್ ಓದುವ ಹೆಡ್ಡಿನ ಸ್ಕ್ರೂ ಮುಟ್ಟಿದವರಲ್ಲ. ಹೆಡ್ ಒಂದು ಕೂದಲೆಳೆ ಓರೆಯಾದರೂ ಟ್ರೆಬಲ್ ಸಾಯುತ್ತದೆ. ಕ್ಯಾಸೆಟ್ ಬಾಗಿಲಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಅದರೊಳಗೆ ವಾಚ್ ರಿಪೇರಿಯ ಸ್ಕ್ರೂಡ್ರೈವರ್ ಇಟ್ಟು, ಹಾಡು ಹಚ್ಚಿ, ಕಾಲು ಸುತ್ತು ತಿರುಗಿಸಿದರೆ ಫಳ್ ಅಂತ ಬೆಳಕು ಬಿದ್ದ ಹಾಗೆ. ನಾನು ಒಂದೊಂದು ಕ್ಯಾಸೆಟ್ಟಿಗೂ ತಿರುಗಿಸುತ್ತಿದ್ದೆ. ರೆಕಾರ್ಡಿಂಗ್ ಅಂಗಡಿಗೆ ಚೀಟಿ ಬರೆದು ಕೊಡುವಾಗ ಟಿಡಿಕೆ ಎಸ್‌ಎ90 ಖಾಲಿ ಕ್ಯಾಸೆಟ್ ನಾನೇ ಒಯ್ಯುತ್ತಿದ್ದೆ, ಅವನ ಕ್ಯಾಸೆಟ್ ಒಲ್ಲೆ ಅಂತಿದ್ದೆ.

ಇನ್ನೊಂದು ಮಾತು. ಈ ಇಂಗ್ಲಿಷ್ ರಿವ್ಯೂಗಳಲ್ಲಿ ಬೆಚ್ಚಗಿನ ಸೌಂಡು, ಗಾಳಿಯಾಡುವ ಸೌಂಡು ಅಂತ ಬರೆಯುತ್ತಿದ್ದರಲ್ಲ, ಓದಿ ಓದಿ ನಮಗೆ ತಲೆ ಕೆಟ್ಟಿತ್ತು. ಬೆಚ್ಚಗೆ ಅಂದರೆ ಏನು, ಆಂಪ್ ಮೇಲೆ ಕೈ ಇಟ್ಟು ನೋಡುವುದಾ? ನಮ್ಮಲ್ಲಿ ಮಾತಿಗೆ ಬರ ಏನು? ಗಡಿಗೆಯೊಳಗೆ ಬಾಯಿಟ್ಟು ಹಾಡಿದಂಗ. ಮೂಗು ಕಟ್ಟಿದಂಗ. ತಗಡು ಬಡಿದಂಗ. ಗವ್ ಅಂತ ಗುಂಗುಡುವ ಬೇಸ್ ಬೇರೆ, ಧಿಮ್ ಅಂತ ನಿಲ್ಲುವ ಬೇಸ್ ಬೇರೆ. ನನ್ನ ಗೆಳೆಯನಿಗೆ ಫೋನಿನಲ್ಲಿ "ಸ್ವಲ್ಪ ಕಿರ್ ಅಂತದ, ಆದರ ತಬಲಾ ಧಿಮ್ ಅಂತದ" ಅಂದೆ. ಅಷ್ಟರ ಮೇಲೆ ಅವ ಸ್ಪೀಕರ್ ಕೊಂಡ.

ಕಡಲತಡಿ_ಕೇಳುಗ | ಭಾನುವಾರ, ರಾತ್ರಿ 10:20

ತಬಲಾ ಧಿಮ್ ಅನ್ನುವುದು ಬಿಡಿ, ಚೆಂಡೆ ಸರಿಯಾಗಿ ಬರಬೇಕು. ಯಕ್ಷಗಾನದ ಕ್ಯಾಸೆಟ್ ಹಾಕಿ ಚೆಂಡೆಯ ಉರುಳಿಕೆಯಲ್ಲಿ ಒಂದೊಂದು ಪೆಟ್ಟು ಬಿಡಿಬಿಡಿಯಾಗಿ ಕೇಳಿದರೆ ಆ ಸ್ಪೀಕರ್ ಪಾಸ್. ನನ್ನದು ಇದೊಂದೇ ಟೆಸ್ಟ್.

ಸರಿಯಾದ_ಲೆಕ್ಕ | ಭಾನುವಾರ, ರಾತ್ರಿ 10:36

ಶ್ರುತಿಪೆಟ್ಟಿಗೆಯವರ ಮಾತಿಗೆ: ಅಂದಿನ ಕೆಲವು ಎನ್‌ಕೋಡರ್‌ಗಳು (ಹಾಡನ್ನು ಎಂಪಿ3 ಮಾಡುವ ಸಾಫ್ಟ್‌ವೇರ್) ಅವಸರದವು. 16 ಕಿಲೋಹರ್ಟ್ಜ್ ಮೇಲಿನದನ್ನು ಕತ್ತರಿಸಿ ಎಸೆಯುತ್ತಿದ್ದವು, ಉಳಿದದ್ದನ್ನೂ ಒರಟಾಗಿ ಮಾಡುತ್ತಿದ್ದವು. ನಾನು 2003ರಲ್ಲಿ ಲೇಮ್ ಎನ್‌ಕೋಡರ್‌ನಲ್ಲಿ 192 ಮಾಡಿ, ನನ್ನ ಹೆಂಡತಿಗೆ ಮೌಸ್ ಕೊಟ್ಟು, ನಾನು ಗೋಡೆ ಕಡೆ ತಿರುಗಿ ಕೂತು, ಸಿಡಿ ಯಾವುದು ಎಂಪಿ3 ಯಾವುದು ಅಂತ ಇಪ್ಪತ್ತು ಸಲ ಹೇಳಿದೆ. ಹನ್ನೊಂದು ಸರಿ. ಅಂದರೆ ಕಾಸು ಎಸೆದ ಹಾಗೆ.

ಹಾಗೇ, ಎಲ್ಲರೂ ಹೆಮ್ಮೆಯಿಂದ ಕೊಂಡ ಸೌಂಡ್ ಬ್ಲಾಸ್ಟರ್ ಲೈವ್ ಅನ್ನುವ ಕಂಪ್ಯೂಟರ್ ಸೌಂಡ್ ಕಾರ್ಡು ಸಿಡಿಯ 44.1 ಕಿಲೋಹರ್ಟ್ಜನ್ನು (ಸೆಕೆಂಡಿಗೆ 44,100 ಸಲ ಸದ್ದು ಅಳೆದ ಲೆಕ್ಕ) ಒಳಗೆ 48ಕ್ಕೆ ತಿರುಗಿಸುತ್ತಿತ್ತು. ಇದು ಗೊತ್ತಾದ ಮೇಲೆ ಎಷ್ಟೋ ಜನಕ್ಕೆ ಅದರ ಸೌಂಡು ರಾತ್ರೋರಾತ್ರಿ ಕೆಟ್ಟುಹೋಯಿತು. ಹಿಂದಿನ ದಿನ ಚೆನ್ನಾಗೇ ಇತ್ತು.

ಮಂಡ್ಯ_ಮಿಡ್‌ರೇಂಜ್ | ಭಾನುವಾರ, ರಾತ್ರಿ 10:49

ಇದು ಒಪ್ಪಿದೆ. ನಂದೂ ಒಂದು ತಪ್ಪೊಪ್ಪಿಗೆ.

ಕೆಲಸ ಸಿಕ್ಕಿದ ಮೇಲೆ ಒಳ್ಳೆ ಸ್ಪೀಕರೇ ತಗೊಂಡೆ, 2004ರಲ್ಲಿ, ಸೆಕೆಂಡ್ ಹ್ಯಾಂಡ್. ಬಾಝೀ ಅಂತ ಒಂದು ಸೈಟ್ ಇತ್ತು ನೋಡಿ, ಅದೇ ವರ್ಷ ಈಬೇ ಅದನ್ನು ಕೊಂಡಿತು. ಪುಣೆಯ ಒಬ್ಬರಿಗೆ ಡಿಡಿ ಕಳಿಸಿದೆ, ಗೋಣಿಚೀಲ ಹೊಲಿದು ಲಾರಿ ಪಾರ್ಸೆಲ್‌ನಲ್ಲಿ ಕಳಿಸಿದರು. ಜೋಡಿಸಿ ಕೇಳಿದರೆ ಅದ್ಭುತ. ಹಾಡು ರೂಮಿನ ತುಂಬ, ಗೋಡೆಯ ಆಚೆಯಿಂದಲೂ ಬಂದ ಹಾಗೆ. ಬೇಸ್ ಸ್ವಲ್ಪ ಕಮ್ಮಿ. "ಬೇಸ್ ಜಾಸ್ತಿ ಇರುವುದು ಹಳ್ಳಿಗರ ರುಚಿ, ಇದು ಆಡಿಯೋಫೈಲ್ ಟ್ಯೂನಿಂಗ್" ಅಂತ ಎರಡು ವರ್ಷ ಎಲ್ಲರಿಗೂ ಪಾಠ ಮಾಡಿದೆ.

ಒಂದು ದಿನ ಮನೆ ಬದಲಾಯಿಸಿ ಮತ್ತೆ ವೈರ್ ಹಾಕುವಾಗ ನೋಡಿದೆ. ಒಂದು ಸ್ಪೀಕರಿಗೆ ಕೆಂಪು ಕಪ್ಪು ಅದಲುಬದಲು ಹಾಕಿದ್ದೆ. ಒಂದು ಕೋನ್ ಮುಂದೆ ಬಂದರೆ ಇನ್ನೊಂದು ಹಿಂದೆ ಹೋಗುತ್ತಿತ್ತು, ಬೇಸ್ ಅಲ್ಲೇ ಒಂದನ್ನೊಂದು ತಿಂದುಕೊಳ್ಳುತ್ತಿತ್ತು. ಸರಿ ಮಾಡಿದ ಮೇಲೆ ಕಿಟಕಿ ಗಾಜು ಅಲುಗಾಡಿತು. ಪಾಠ ಕೇಳಿದವರಿಗೆ ಇವತ್ತಿನವರೆಗೂ ಹೇಳಿರಲಿಲ್ಲ.

ಸೋಲ್ಡರ್_ಸೀನ | ಭಾನುವಾರ, ರಾತ್ರಿ 10:55

ಸೆಲ್ ಟೆಸ್ಟ್ ಮಾಡಬೇಕಿತ್ತು ಗುರು. ಒಂದೂವರೆ ವೋಲ್ಟಿನ ಪೆನ್ ಸೆಲ್. ಪ್ಲಸ್ಸನ್ನು ಕೆಂಪಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿದರೆ ಕೋನ್ ಹೊರಗೆ ಬರಬೇಕು. @ಬಸವನಗುಡಿ_ಬೇಸ್, ನೀವೂ ಫೋಮ್ ಹಾಕಿದ ಮೇಲೆ ಮಾಡಿ ನೋಡಿ.

ಮರಳುಗಾಡಿನ_ಮೈಕ್ | ಸೋಮವಾರ, ಬೆಳಿಗ್ಗೆ 6:40

ಗುಂಯ್ ಅನ್ನುವ ಹಮ್ ಬಗ್ಗೆ ಯಾರೂ ಬರೆಯಲಿಲ್ಲ. ಕಂಪ್ಯೂಟರಿನಿಂದ ಆಂಪ್‌ಗೆ ವೈರ್ ಹಾಕಿದ ಕೂಡಲೇ ಗುಂಯ್. ನಾನು ಕೇಬಲ್ ಬದಲಾಯಿಸಿದೆ, ಸೌಂಡ್ ಕಾರ್ಡ್ ಬದಲಾಯಿಸಿದೆ, ಸ್ಟೆಬಿಲೈಸರ್ ತಂದೆ. ಖರ್ಚು ಮೂರು ಸಾವಿರ. ಕಡೆಗೆ ಟಿವಿ ಟ್ಯೂನರ್ ಕಾರ್ಡಿನಿಂದ ಕೇಬಲ್ ಟಿವಿಯ ವೈರ್ ಕಿತ್ತೆ, ನಿಂತಿತು. ಬೀದಿಯ ಅರ್ತು (ಭೂಮಿಗೆ ಹೋಗುವ ವೈರ್), ಮನೆಯ ಅರ್ತು, ಎರಡೂ ನನ್ನ ಆಂಪ್ ಒಳಗೆ ಜಗಳ ಆಡುತ್ತಿದ್ದವು.

ಬಸವನಗುಡಿ_ಬೇಸ್ | ಮೂರು ವಾರದ ನಂತರ, ಭಾನುವಾರ, ಸಂಜೆ 5:15

ವರದಿ ಒಪ್ಪಿಸುತ್ತಿದ್ದೇನೆ.

ಫೋಮ್ ರಿಂಗ್ ತರಿಸಿದೆ. ಎಸ್‌ಪಿ ರೋಡಿಗೆ ಕೊಡಲು ಮನಸ್ಸು ಬರಲಿಲ್ಲ, ಊಟದ ಮೇಜಿನ ಮೇಲೆ ನಾನೇ ಕೂತೆ. ಎಡಗಡೆಯದ್ದು ಮೊದಲ ಸಲಕ್ಕೇ ಕೂತಿತು. ಬಲಗಡೆಯದ್ದು ಕರಕರ ಅಂತು, ಬಿಚ್ಚಿ ಮತ್ತೆ ಅಂಟಿಸಿದೆ. ಸೆಲ್ ಟೆಸ್ಟ್ ಎರಡೂ ಪಾಸ್. ನಿನ್ನೆ ರಾತ್ರಿ ಸಿ. ಅಶ್ವತ್ಥ್ ಹಾಡಿದ ಭಾವಗೀತೆ ಹಾಕಿದೆ. ಮಗ ರೂಮಿನಿಂದ ಹೊರಗೆ ಬಂದು, ಏನೂ ಹೇಳದೆ ನೆಲದ ಮೇಲೆ ಕೂತ. ಎರಡು ಹಾಡು ಕೂತಿದ್ದ. ಆಮೇಲೆ "ಇದಕ್ಕೆ ಬ್ಲೂಟೂತ್ ಹಾಕಬಹುದಾ?" ಅಂದ.

ಈಗ ಹೊಸ ಸಮಸ್ಯೆ. ಅದೇ ಅಟ್ಟದಲ್ಲಿ ನಾನು 2002ರಲ್ಲಿ ಇಲ್ಲೇ ಕೊಂಡಿದ್ದ ಇಂಟಿಗ್ರೇಟೆಡ್ ಆಂಪ್ ಕೂಡ ಸಿಕ್ಕಿತು, ಚೆನ್ನಾಗಿ ಓಡುತ್ತಿದೆ. ನನ್ನ ಹತ್ತಿರ ಈಗ ಎರಡಾಯಿತು. ಯಾರಿಗಾದರೂ ಬೇಕಾ? ದುಡ್ಡು ಬೇಡ, ಚೆನ್ನಾಗಿ ನೋಡಿಕೊಂಡರೆ ಸಾಕು.

ಎನ್‌ಜೆ_ನಂಜುಂಡ | ಭಾನುವಾರ, ಸಂಜೆ 6:02

ನನಗೆ ಬೇಕು! ಡಿಸೆಂಬರಿನಲ್ಲಿ ನನ್ನ ತಮ್ಮ ಇಲ್ಲಿಗೆ ಬರುತ್ತಿದ್ದಾನೆ. ತೂಕ ಎಷ್ಟು?

ಬಸವನಗುಡಿ_ಬೇಸ್ | ಭಾನುವಾರ, ಸಂಜೆ 6:10

ಬಚ್ಚಲಮನೆ ತಕ್ಕಡಿಯಲ್ಲಿ ಒಂಬತ್ತು ಕೆಜಿ.

ಎನ್‌ಜೆ_ನಂಜುಂಡ | ಭಾನುವಾರ, ಸಂಜೆ 6:13

ಈಗ ಒಂದು ಬ್ಯಾಗಿಗೆ 23 ಅಷ್ಟೇ. ಚಟ್ನಿಪುಡಿ, ಸಾರಿನಪುಡಿ ಬಿಟ್ಟು ಬಾ ಅಂತ ಅವನಿಗೆ ಹೇಳುತ್ತೇನೆ.

ಶ್ರುತಿಪೆಟ್ಟಿಗೆ | ಭಾನುವಾರ, ಸಂಜೆ 6:31

ಅದು 230 ವೋಲ್ಟಿನದ್ದು ತಾನೇ? ಈ ಸಲ ಟ್ರಾನ್ಸ್‌ಫಾರ್ಮರ್ ಹುಡುಕುವ ಸರದಿ ನಿಮ್ಮದು ನಂಜುಂಡಣ್ಣ.